ಸಿದ್ದಪ್ಪ ಮಾಮಾನ ಕಾಯಿಹಾಲು

ಸಿದ್ದಪ್ಪ ಮಾಮಾ ಯಾವುದನ್ನೂ ಸುಮ್ಮನೆ ಎತ್ತಿ ಕುಡಿದವನಲ್ಲ. ಮಜ್ಜಿಗೆಯ ಲೋಟವಿರಲಿ, ಕೆಮ್ಮಿನ ಔಷಧದ ಬಾಟಲಿಯಿರಲಿ, ಮೊದಲು ಅದನ್ನು ಬಲಗಿವಿಯ ಹತ್ತಿರ ಒಯ್ದು, ಕಣ್ಣು ಮುಚ್ಚಿ, ಗಡಗಡ ಅಲ್ಲಾಡಿಸಿ ಒಳಗಿನ ಸಪ್ಪಳ ಕೇಳುತ್ತಿದ್ದ. ಸಪ್ಪಳ ಒಪ್ಪಿಗೆಯಾದರೆ ಕುಡಿಯುತ್ತಿದ್ದ. ಇಲ್ಲದಿದ್ದರೆ ಮತ್ತೊಮ್ಮೆ ಅಲ್ಲಾಡಿಸುತ್ತಿದ್ದ. ಲೋಟದ ಬಾಯಿಗೆ ಅಂಗೈ ಮುಚ್ಚಿಕೊಂಡರೂ ಬೆರಳ ಸಂದಿಯಿಂದ ಮಜ್ಜಿಗೆ ಸೋರುತ್ತಿತ್ತು. ಹೀಗಾಗಿ ಅವನ ಎಲ್ಲ ಬಿಳಿ ಅಂಗಿಗಳಿಗೂ ಬಲಭುಜದ ಮೇಲೆ ಒಂದೊಂದು ಹಳದಿ ಕಲೆ ಖಾಯಂ ಆಗಿತ್ತು.

ಅವನು ನನ್ನ ತಾಯಿಯ ತಮ್ಮ. ಅಳವಂಡಿಯವನು. ಹರೆಯದಲ್ಲಿ ಗೋವಾಕ್ಕೆ ಹೋಗಿ, ಸಮುದ್ರದ ದಂಡೆಯ ಒಂದು ಹೋಟೆಲಿನ ಬಾರಿನಲ್ಲಿ ಇಪ್ಪತ್ತು ವರ್ಷ ಬಣ್ಣಬಣ್ಣದ ಪಾನೀಯ ಬೆರೆಸಿ ಕೊಡುವ ಕೆಲಸ ಮಾಡಿ, ನಲವತ್ತೈದರ ಹತ್ತಿರ ಊರಿಗೆ ಮರಳಿದ. ಬರುವಾಗ ತಂದದ್ದು ಎರಡು ವಸ್ತು. ಒಂದು, ಮುಚ್ಚಳವಿರುವ ಉದ್ದನೆಯ ಸ್ಟೀಲಿನ ಕಲಕುವ ಡಬ್ಬಿ. ಇನ್ನೊಂದು, ಲೋಟಕ್ಕೆ ಸಿಗಿಸುವ ಕಾಗದದ ಪುಟ್ಟ ಕೊಡೆಗಳ ಒಂದು ರಟ್ಟಿನ ಪೆಟ್ಟಿಗೆ.

ಆದರೆ ಬಾರು ಎಂಬ ಮಾತನ್ನು ಅವನು ಮನೆಯಲ್ಲಿ ಆಡುವಂತಿರಲಿಲ್ಲ. ಅವನ ತಾಯಿ, ಅಂದರೆ ನಮ್ಮ ಆಯಿ, ಹಣೆಗೆ ವಿಭೂತಿಯಿಲ್ಲದೆ ಹೊರಗಿನ ಗಾಳಿಯನ್ನೂ ಉಸಿರಾಡದ ಹೆಂಗಸು. ಅವಳಿಗೆ ಮಾಮಾ ಮೊದಲ ವರ್ಷವೇ ಹೇಳಿಬಿಟ್ಟಿದ್ದ:

"ಯವ್ವಾ, ನಂದು ತೆಂಗಿನ ಡಿಪಾರ್ಟ್‌ಮೆಂಟು. ಬರೇ ಕಾಯಿ ಒಡಿಯೋದು, ಹಾಲು ಹಿಂಡೋದು. ಬ್ಯಾರೆದಕ್ಕ ನನಗ ಸಂಬಂಧ ಇಲ್ಲ."

ಇದರಲ್ಲಿ ಪೂರ್ತಿ ಸುಳ್ಳೂ ಇರಲಿಲ್ಲ. ತೆಂಗಿನ ಹಾಲು, ಅನಾನಸ್ ರಸ ಮತ್ತು ರಮ್ಮು ಬೆರೆಸಿದ ಒಂದು ಪಾನೀಯಕ್ಕೆ ಅವನು ಆ ದಂಡೆಯಲ್ಲೆಲ್ಲ ಹೆಸರಾಗಿದ್ದನಂತೆ. ಹಾಗೆಂದು ಹೇಳಿದವನೂ ಅವನೇ. ಇನ್ನೊಂದು ವಿಚಿತ್ರವೆಂದರೆ, ಇಪ್ಪತ್ತು ವರ್ಷದಲ್ಲಿ ಅವನು ಒಂದು ಹನಿ ಮದ್ಯ ಬಾಯಿಗೆ ಹಾಕಿದವನಲ್ಲ. ಯಾಕೆಂದು ಕೇಳಿದರೆ ಹೇಳುತ್ತಿದ್ದ: "ಕುಡಿದೋರನ್ನ ದಿನಾ ಎತ್ತಿ ರಿಕ್ಷಾಕ್ಕ ಹಾಕಿ ಹಾಕಿ ನನ್ನ ನೀರಡಿಕಿನ ಹೋಗೈತೋ ತಮ್ಮಾ." ರುಚಿ ನೋಡದೆ ಹೇಗೆ ಬೆರೆಸುತ್ತಿದ್ದಿ ಎಂದರೆ ಕಿವಿ ಮುಟ್ಟಿ ತೋರಿಸುತ್ತಿದ್ದ. ಬಾಯಿ ಮೋಸ ಮಾಡುತ್ತದೆ, ಸಪ್ಪಳ ಮೋಸ ಮಾಡುವುದಿಲ್ಲ ಎಂಬುದು ಅವನ ವಾದ.

ಊರಿಗೆ ಬಂದ ಮೇಲೆ ಅವನು ಹೊಲ ನೋಡಿಕೊಂಡಿದ್ದ. ಆದರೆ ಯಾರ ಮನೆಯಲ್ಲಿ ಸಮಾರಂಭವಿದ್ದರೂ ಪಾನಕದ ಜವಾಬ್ದಾರಿಯನ್ನು ಕೇಳಿ ಪಡೆಯುತ್ತಿದ್ದ. ಒಮ್ಮೆ ಶಾಲೆಯ ಧ್ವಜವಂದನೆಗೆ ಲಿಂಬು ಪಾನಕ ಮಾಡಿ, ಹಿರಿಯರ ಲೋಟಗಳಿಗೆಲ್ಲ ಕಾಗದದ ಕೊಡೆ ಸಿಗಿಸಿ ಕಳಿಸಿದ. ವೇದಿಕೆಯ ಮೇಲೆ ಕೂತವರಿಗೆ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಒಬ್ಬರು ಬಾವುಟದ ಜೊತೆಗಿನದೆಂದು ತಿಳಿದು ಅಂಗಿಯ ಜೇಬಿಗೆ ಚುಚ್ಚಿಕೊಂಡರು. ಅದನ್ನು ನೋಡಿ ಉಳಿದವರೂ ಚುಚ್ಚಿಕೊಂಡರು. ರಾಷ್ಟ್ರಗೀತೆಗೆ ಎಲ್ಲರೂ ಎದೆಯ ಮೇಲೆ ಕೊಡೆ ಬಿಚ್ಚಿಕೊಂಡು ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾಮಾ ಹಿಂದೆ ನಿಂತು ತೃಪ್ತಿಯಿಂದ ನೋಡುತ್ತಿದ್ದ. "ಗೋವಾದಾಗ ಸೈತ ಇಷ್ಟು ಮರ್ಯಾದಿ ಸಿಗಲಿಲ್ಲ ನನ್ನ ಕೊಡಿಗೆ," ಎಂದ.

ಇನ್ನು ಮುಂದೆ ಹೇಳುವುದು ಹನುಮಪ್ಪನ ಗುಡಿಯ ಕಾರ್ತಿಕ ದೀಪೋತ್ಸವದ ದಿನ ನಡೆದದ್ದು. ನಾನು ಜಮೀನು ಅಳೆಯುವ ಕೆಲಸದವನು. ಕಂಡದ್ದನ್ನು ಕಂಡಷ್ಟೇ ಹೇಳಿ ರೂಢಿ. ಆದರೂ ಆ ದಿನದ ಒಂದು ಗಳಿಗೆಯನ್ನು ನನಗೆ ಈಗಲೂ ಅಳೆಯಲಾಗಿಲ್ಲ. ಆದ್ದರಿಂದ ನಿಧಾನವಾಗಿ, ನಡೆದ ಕ್ರಮದಲ್ಲೇ ಹೇಳುತ್ತೇನೆ.

ಮಾಮಾನಿಗೆ ಒಬ್ಬಳೇ ಮಗಳು, ಸುಜಾತಾ. ಅವಳಿಗೆ ನವಲಿಯ ಒಂದು ಮನೆತನದಿಂದ ಸಂಬಂಧ ಬಂದಿತ್ತು. ಹುಡುಗ ವೀರೇಶ ಗಿಣಿಗೇರಾದ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಿಯಾಗಿತ್ತು. ಸುಜಾತಾ ಅಂತೂ ಮನಸ್ಸಿನಲ್ಲೇ ಗಿಣಿಗೇರಾದಲ್ಲಿ ಮನೆ ಹೂಡಿಬಿಟ್ಟಿದ್ದಳು. ಉಳಿದದ್ದು ಹುಡುಗನ ತಾಯಿಯ ಒಪ್ಪಿಗೆ. ಆಕೆ ನೀಲಮ್ಮ. ಭತ್ತದ ಗದ್ದೆ, ಆಳುಕಾಳು, ಗಂಡ, ಎಲ್ಲವನ್ನೂ ಒಂದೇ ದನಿಯಲ್ಲಿ ಆಳುವವರು. ಕಾರ್ತಿಕದ ದಿನ ಮಧ್ಯಾಹ್ನ ಗಂಡನೊಂದಿಗೆ ಮನೆ ನೋಡಲು ಬರುತ್ತೇವೆ, ಅಂದೇ ಹೌದು ಅಥವಾ ಅಲ್ಲ ಹೇಳುತ್ತೇವೆ ಎಂದು ತಿಳಿಸಿದ್ದರು.

ತೊಡಕು ಬಂದದ್ದು ಆಕೆಯ ಗಂಡ ಪಂಪಾಪತೆಪ್ಪನವರಿಂದ. ಮಾಮಾ ನವಲಿಗೆ ಹೋಗಿದ್ದಾಗ ಅವರು ಗದ್ದೆ ತೋರಿಸುವ ನೆಪದಲ್ಲಿ ಅವನನ್ನು ಕಾಲುವೆಯ ಏರಿಯ ಮೇಲೆ ದೂರ ಕರೆದೊಯ್ದು, ಹಿಂದೆ ಮುಂದೆ ನೋಡಿ, ಕೇಳಿದ್ದರಂತೆ:

"ಬೀಗರ, ನೀವು ಗೋವಾದಾಗ ಇದ್ರಂತ. ಅಲ್ಲಿ ತೆಂಗಿನಕಾಯಾಗ ಅದೇನೋ ಹಾಕಿ ಕೊಡ್ತಾರಂತಲ್ರಿ. ನಾವು ಬಂದಾಗ ಸ್ವಲ್ಪ ಮಾಡಿ ತೋರಸ್ರಿ."

"ನೋಡಾಕ ಮಾಡ್ಲ್ಯೋ, ಕುಡ್ಯಾಕ ಮಾಡ್ಲ್ಯೋ?"

"ನೋಡಿದಮ್ಯಾಲ ಚೆಲ್ಲಾಕ ಬರತೈತೇನ್ರಿ? ಆದ್ರ ನಮ್ಮ ಮನ್ಯಾಕಿಗೆ ವಾಸನಿ ಹತ್ತಬಾರದು. ಹತ್ತಿತು ಅಂದ್ರ ನನ್ನ ಮನಿನೂ ಇಲ್ಲ, ನಿಮ್ಮ ಸಂಬಂಧನೂ ಇಲ್ಲ."

ಮಾಡದಿದ್ದರೆ ಬೀಗರ ಮುನಿಸು. ಮಾಡಿ ಸಿಕ್ಕಿಬಿದ್ದರೆ ಮಗಳ ಮದುವೆ ಮುರಿದಂತೆ. ಇನ್ನೊಬ್ಬನಾಗಿದ್ದರೆ ಹೊಟ್ಟೆನೋವೆಂದು ಜಾರಿಕೊಳ್ಳುತ್ತಿದ್ದ. ಆದರೆ ಎಷ್ಟೋ ವರ್ಷದ ಮೇಲೆ ಒಬ್ಬ ಮನುಷ್ಯ ಬಾಯಿಬಿಟ್ಟು ಆ ಪಾನೀಯವನ್ನು ಕೇಳಿದ್ದ. ಮಾಮಾನ ಕೈ ತುರಿಸಲಾರಂಭಿಸಿತ್ತು. ಅವನ ಯೋಜನೆ ಹೀಗಿತ್ತು: ತೆಂಗಿನ ಹಾಲು, ಅನಾನಸ್ ರಸ, ಬೆಲ್ಲದ ಪಾಕ, ಏಲಕ್ಕಿ, ಜಾಯಿಕಾಯಿ ಬೆರೆಸಿ ಒಂದು ಕೊಡ ಕಾಯಿಹಾಲು ಮಾಡುವುದು. ಅದು ಕೆಳಗೆ ಹೆಂಗಸರಿಗೆ. ಅದರಲ್ಲೇ ಒಂದು ಚರಿಗೆಯಷ್ಟು ತೆಗೆದುಕೊಂಡು ಮಾಳಿಗೆಯ ಮೇಲೆ ಒಯ್ದು, ಅಲ್ಲಿ ರಮ್ಮು ಹಾಕಿ ಕಲಕಿ ಬೀಗರಿಗೆ ಕೊಡುವುದು. ಜಾಯಿಕಾಯಿಯ ವಾಸನೆ ರಮ್ಮಿನ ವಾಸನೆಯನ್ನು ನುಂಗುತ್ತದೆ ಎಂದು ಅವನ ಭರವಸೆ.

ಕಾಯಿಗಳನ್ನು ಗಂಗಾವತಿಯಿಂದ ಆರಿಸಿ ತಂದು ಒಳಕೋಣೆಯಲ್ಲಿ ಇಟ್ಟಿದ್ದ. ಇಲ್ಲೇ ಅವನ ಲೆಕ್ಕ ತಪ್ಪಿತು. ನಮ್ಮ ಕಡೆ ಅಡುಗೆಗೆ ಶೇಂಗಾ, ಗುರೆಳ್ಳು, ಹೆಚ್ಚೆಂದರೆ ಒಣ ಕೊಬ್ಬರಿ. ಹಸಿ ಕಾಯಿ ದೇವರ ಮುಂದೆ ಒಡೆಯುವ ವಸ್ತು. ಮನೆಯಲ್ಲಿ ಸುಲಿದ ಕಾಯಿಗಳ ರಾಶಿ ಕಂಡರೆ ನಮ್ಮ ಹೆಂಗಸರಿಗೆ ನೆನಪಾಗುವುದು ಗುಡಿಯೇ ಹೊರತು ಒಲೆಯಲ್ಲ. ಇಪ್ಪತ್ತು ವರ್ಷ ಗೋವಾದಲ್ಲಿದ್ದ ಮಾಮಾ ಇದನ್ನು ಮರೆತಿದ್ದ.

ಅಂದು ಬೆಳಿಗ್ಗೆ ಅವನು ಮೋಟರ್‌ಸೈಕಲ್ ಹತ್ತಿ ಅನಾನಸ್, ಐಸು ಮತ್ತು ರಮ್ಮು ತರಲು ಕೊಪ್ಪಳಕ್ಕೆ ಹೋದ. ರಮ್ಮನ್ನು ಚಹಾ ಒಯ್ಯುವ ಫ್ಲಾಸ್ಕಿನಲ್ಲಿ ತುಂಬಿ ತಂದ. ಫ್ಲಾಸ್ಕಿನ ಮುಚ್ಚಳ ತೆಗೆದು ಮೂಸಿದ ಅತ್ತಿ, ಅಂದರೆ ಅವನ ಹೆಂಡತಿ, ಆ ಕ್ಷಣದಿಂದ ಅವನೊಂದಿಗೆ ಮಾತು ಬಿಟ್ಟಳು. ಅವನು ಅದಕ್ಕೆ ತಲೆಕೆಡಿಸಿಕೊಳ್ಳದೆ ಒಳಗೆ ಹೋಗಿ ನೋಡಿದರೆ ಕಾಯಿಗಳನ್ನು ಯಾರೋ ಆಗಲೇ ಒಡೆದು, ತೊಳೆದು, ಬುಟ್ಟಿಯಲ್ಲಿ ಹೋಳು ಜೋಡಿಸಿ ಒದ್ದೆ ಬಟ್ಟೆ ಮುಚ್ಚಿದ್ದರು. ಅವನಿಗೆ ಬಹಳ ಸಂತೋಷವಾಯಿತು.

"ನೋಡು ತಮ್ಮಾ, ನಾ ಹೇಳದ ಒಡದ ಇಟ್ಟಾರ. ಆದ್ರ ಇವು ಅರ್ಧಕ್ಕರ್ಧ ಅದಾವಲ್ಲೋ. ಉಳಿದ ಹೋಳು ಎಲ್ಲಿ ಹೋದ್ವು?"

ಕೇಳಬೇಕಾದದ್ದು ಅತ್ತಿಯನ್ನು. ಆಕೆ ಮಾತು ಬಿಟ್ಟಿದ್ದಳು. ಚಟ್ನಿಗೆ ಹೋಗಿರಬೇಕೆಂದು ತಾನೇ ಸಮಾಧಾನ ಮಾಡಿಕೊಂಡು ಮಾಮಾ ತುರಿಯಲು ಕೂತ. ಅವನು ಕೆಲಸ ಮಾಡುವುದನ್ನು ನೋಡುವುದೇ ಒಂದು ಸೊಗಸು. ತುರಿಗೆ ಉಗುರುಬೆಚ್ಚನೆಯ ನೀರು ಚಿಮುಕಿಸಿ, ತೊಳೆದ ಧೋತರದ ತುಂಡಿನಲ್ಲಿ ಕಟ್ಟಿ, ಅರಿವೆ ಹಿಂಡುವಂತೆ ಹಿಂಡುತ್ತಿದ್ದ. ಗಟ್ಟಿ ಹಾಲು ಬೇರೆ, ತೆಳು ಹಾಲು ಬೇರೆ. "ಕಾಯಿಹಾಲಿಗೆ ಬೆಂಕಿ ತೋರಸಬಾರದು. ಹೊಸ ಸೊಸಿ ಇದ್ದಂಗ ಅದು, ಒಮ್ಮೆ ಒಡೀತಂದ್ರ ಮತ್ತ ಕೂಡಂಗಿಲ್ಲ," ಎಂದು ಬೆಲ್ಲದ ಪಾಕವನ್ನು ಆರಿಸಿ ಆರಿಸಿ ಸುರಿದ.

ಬೀಗರು ಬಂದರು. ಊಟವಾಯಿತು. ಪಂಪಾಪತೆಪ್ಪನವರು ಉಂಡ ಕೈ ಒರೆಸಿಕೊಳ್ಳುತ್ತ, ಮೊದಲೇ ಪಾಠ ಮಾಡಿಕೊಂಡು ಬಂದವರ ಹಾಗೆ, "ನಿಮ್ಮ ಮಾಳಿಗಿ ಮ್ಯಾಲಿಂದ ಊರು ಛಂದ ಕಾಣತೈತಂತಲ್ರಿ," ಎಂದರು. ಮಾಮಾ ಫ್ಲಾಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಡಬ್ಬಿ, ಚರಿಗೆ ಹಿಡಿದು ಅವರೊಂದಿಗೆ ಮೇಲೆ ಹೋದ. ನಾನು ಕೆಳಗೆ ಪಡಸಾಲೆಯಲ್ಲಿ ಉಳಿದು ಹೆಂಗಸರಿಗೆ ಕೊಡದಿಂದ ಬಗ್ಗಿಸಿ ಕೊಡುತ್ತಿದ್ದೆ.

ನೀಲಮ್ಮನವರು ಒಂದು ಗುಟುಕು ಕುಡಿದು ಲೋಟವನ್ನು ನೋಡಿದರು. ಇನ್ನೊಂದು ಗುಟುಕು ಕುಡಿದರು.

"ಭಾಳ ಛಲೋ ಆಗೈತ್ರಿ. ಯಾವೂರ ಕಾಯಿರಿ ಇವು? ಇಷ್ಟು ಸಿಹಿ ಅದಾವ."

ಆಯಿ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸದೆ ಹೇಳಿದಳು: "ಊರು ಯಾವುದರ ಆಗ್ಲಿ ಯವ್ವಾ, ಸಿಹಿ ಹನುಮಪ್ಪಂದು. ಈ ಸಂಬಂಧ ಕೂಡ್ಲಿ ಅಂತ ಹರಕಿ ಹೊತ್ತಿದ್ದೆ. ಮುಂಜಾನೆ ನಾನ ಹೋಗಿ ಎಲ್ಲಾ ಕಾಯಿ ಒಡಿಸ್ಕೊಂಡು ಬಂದೆ. ಪೂಜಾರಿ ತನ್ನ ಹೋಳು ಇಟ್ಕೊಂಡು ನಮ್ಮ ಹೋಳು ಕೊಟ್ಟ. ಇರುವಿ ಹತ್ತತಾವಂತ ಕುಂಕುಮ ತೊಳದ ಇಟ್ಟಿದ್ದೆ."

ನೀಲಮ್ಮನವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡರು. "ಪ್ರಸಾದ ಅನ್ರಿ," ಎಂದು ಉಳಿದದ್ದನ್ನು ಒಂದು ಹನಿ ಬಿಡದೆ ಕುಡಿದು, ಲೋಟಕ್ಕೆ ನೀರು ಹಾಕಿ ಆ ನೀರನ್ನೂ ಕುಡಿದರು.

ನಾನು ಕೊಡವನ್ನು ಅಲ್ಲೇ ಬಿಟ್ಟು ಎದ್ದೆ. ನಾನು ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಮಾಳಿಗೆ ತಲುಪಿದಾಗ ಮಾಮಾ ಚರಿಗೆಗೇ ರಮ್ಮು ಸುರಿದು, ಒಂದಿಷ್ಟನ್ನು ಡಬ್ಬಿಯಲ್ಲಿ ಕಿವಿಯ ಹತ್ತಿರ ಕಲಕಿ, ಬೀಗರ ಗ್ಲಾಸಿಗೆ ಸುರಿದು, ಮೇಲೆ ಒಂದು ಗುಲಾಬಿ ಕೊಡೆಯನ್ನೂ ಸಿಗಿಸಿದ್ದ. ಗ್ಲಾಸು ಬೀಗರ ತುಟಿಯ ಹತ್ತಿರವಿತ್ತು.

"ಕುಡೀಬ್ಯಾಡ್ರಿ. ಅದು ಹನುಮಪ್ಪನ ಕಾಯಿ. ಪ್ರಸಾದ," ಎಂದೆ.

ಪಂಪಾಪತೆಪ್ಪನವರ ಕೈ ಅಲ್ಲೇ ನಿಂತಿತು. ಪ್ರಸಾದದಲ್ಲಿ ಮದ್ಯ ಬಿದ್ದಿದೆ, ಕುಡಿಯುವ ಹಾಗಿಲ್ಲ. ಮದ್ಯ ಬಿದ್ದದ್ದು ಪ್ರಸಾದದಲ್ಲಿ, ಚೆಲ್ಲುವ ಹಾಗಿಲ್ಲ. ಕೈಗೆ ಬಂದ ಪ್ರಸಾದವನ್ನು ನೆಲಕ್ಕಿಡುವ ಹಾಗೂ ಇಲ್ಲ. ಅವರು ಗ್ಲಾಸು ಹಿಡಿದ ಕೈಯನ್ನು ದೇಹದಿಂದ ದೂರ ಚಾಚಿ, ಕುಣಿಯಲು ನಿಂತವರ ಹಾಗೆ ನಿಂತುಬಿಟ್ಟರು.

"ಬೇವಿನ ಗಿಡದ ಬುಡಕ್ಕ ಹಾಕಿದ್ರ?" ಎಂದ ಮಾಮಾ.

"ಬುಡದಾಗ ನಾಯಿ ಮಲಗೈತ್ರಿ," ಎಂದರು ಬೀಗರು, ಕೆಳಗೆ ಬಗ್ಗಿ ನೋಡಿ.

"ಎಮ್ಮಿಗೆ ಕುಡಿಸೋಣು?"

"ನಾಳಿ ಹಾಲಿನ್ಯಾಗ ಬರತೈತಿ. ಆ ಹಾಲು ನಿಮ್ಮವ್ವಾರ ಕುಡೀತಾರ."

"ಹಂಗಾರ ಹರಿಯೋ ನೀರಿಗೆ ಬಿಡಬೇಕು."

"ನಮ್ಮೂರ ಕಾಲುವಿಗೆ ಬಿಡಬಹುದ್ರಿ," ಎಂದು ಪಂಪಾಪತೆಪ್ಪನವರು ಸ್ವಲ್ಪ ಆಸೆಯಿಂದ ಹೇಳಿದರು. "ನಾ ಒಯ್ತೀನಿ. ದಾರ್ಯಾಗ ಏನೂ ಆಗದಂಗ ಒಯ್ತೀನಿ." ಮಾಮಾ ಅವರ ಮುಖ ನೋಡಿ ಬೇಡವೆಂದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಬಳೆಯ ಸಪ್ಪಳ ಕೇಳಿತು. ನೀಲಮ್ಮನವರು ಗಂಡನಿಗೂ ಪ್ರಸಾದ ಸಿಗಲೆಂದು ಒಂದು ಲೋಟ ಹಿಡಿದು ತಾವೇ ಮೇಲೆ ಬಂದಿದ್ದರು. ಕೈ ಚಾಚಿ ನಿಂತ ಗಂಡನನ್ನೂ ಗುಲಾಬಿ ಕೊಡೆಯನ್ನೂ ನೋಡಿದರು.

"ಕೊಟ್ಟಾರಲ್ಲ ಆಗಲೇ. ಪ್ರಸಾದ ಹಿಡ್ಕೊಂಡು ಯಾಕ ನಿಂತೀರಿ? ಕುಡೀರಿ."

ಪಂಪಾಪತೆಪ್ಪನವರು ಮಾಮಾನನ್ನು ನೋಡಿದರು. ಅಂಥ ನೋಟವನ್ನು ನಾನು ಗೇಣು ಜಾಗಕ್ಕೆ ಜಗಳವಾಡುವವರ ಮುಖದಲ್ಲೂ ಕಂಡಿಲ್ಲ. ಆ ಹೊತ್ತಿಗೆ ಮಾಮಾನ ಮುಂದೆ ದಾರಿಗಳಿದ್ದವು. ಹಾಲು ಕೆಟ್ಟಿದೆ ಎನ್ನಬಹುದಿತ್ತು. ಬೀಗರೇ ಕೇಳಿದರು ಎನ್ನಬಹುದಿತ್ತು. ಸುಜಾತಾಳ ಬಾಳು ಆ ಗ್ಲಾಸಿನಲ್ಲಿದೆ ಎಂದು ನನಗೆ ಅನಿಸಿತು. ನಾನು ಹಿಂದೆ ಸರಿದು ನೀರಿನ ಟ್ಯಾಂಕಿಗೆ ಒರಗಿದೆ.

"ಅಕ್ಕಾರ, ಅದರಾಗ ರಮ್ಮು ಐತ್ರಿ," ಎಂದ ಮಾಮಾ. "ನಾನ ಹಾಕೀನಿ. ಪ್ರಸಾದ ಅಂತ ನನಗ ತಿಳೀಲಿಲ್ಲ. ಬೀಗರಿಗೆ ಇದರ ಸುದ್ದಿನ ಗೊತ್ತಿಲ್ಲ. ಗ್ಲಾಸು ಮೂಗಿನ ಹತ್ರ ಬಂದ ಕೂಡ್ಲೆ ವಾಸನಿ ಹತ್ತಿ ಹಂಗ ನಿಂತಾರ ಪಾಪ."

ನೀಲಮ್ಮನವರು ಗಂಡನ ಕಡೆ ತಿರುಗಿದರು.

"ವಾಸನಿ ಹತ್ತಿ ನಿಂತಾರ? ಇವ್ರು? ಇಷ್ಟು ವರ್ಷದಾಗ ವಾಸನಿ ಹತ್ತಿದಮ್ಯಾಲ ಇವ್ರು ನಿಂತದ್ದ ನಾ ಕಂಡಿಲ್ಲ."

ಕೆಳಗೆ ಸುದ್ದಿ ಹೇಗೆ ಮುಟ್ಟಿತೋ, ಆಯಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದಳು. ಎಲ್ಲರೂ ಅವಳಿಗಾಗಿ ಕಾದೆವು. ಅವಳು ಬಂದು, ದಮ್ಮು ಆರಿಸಿಕೊಂಡು, ಚರಿಗೆಯನ್ನು ಮೂಸಿ, ತೀರ್ಪು ಕೊಟ್ಟಳು.

"ಸಿದ್ಯಾ, ಕಾಯಿ ಹನುಮಪ್ಪಂದು. ಅದನ್ನ ಚೆಲ್ಲಂಗಿಲ್ಲ. ಅದರಾಗಿನ ಹೊಲಸು ನಿಂದು. ಅದನ್ನ ಮಂದಿಗೆ ಕೊಡಂಗಿಲ್ಲ. ಇನ್ನ ಕುಡಿಯಾಂವ ಯಾರು ಉಳಿದ ಹೇಳು."

ಮಾಮಾ ನೆಲ ನೋಡಿದ. "ಯವ್ವಾ, ನಾ ಹುಟ್ಟಿದಾಗಿಂದ ಒಂದು ಹನಿ ಕುಡಿದಿಲ್ಲ."

"ಹೌದಲ್ಲ. ಅದಕ್ಕ ಇದು ಶಿಕ್ಷಾ. ಕುಡಿಯೋರಿಗೆ ಕೊಟ್ರ ಹಬ್ಬ ಆಗತೈತಿ."

ಪಂಪಾಪತೆಪ್ಪನವರು ಗಂಟಲು ಸರಿಮಾಡಿಕೊಂಡರು. "ಅವ್ವಾರ, ಅವರೊಬ್ರ ಮ್ಯಾಲ ಯಾಕ ಭಾರ ಹಾಕ್ತೀರಿ? ದೋಷದಾಗ ನಾನೂ ಸ್ವಲ್ಪ ಪಾಲು ತಗೋತೀನಿ."

"ನೀವು ಅತ್ಲಾಗ ಕುಂದರ್ರಿ," ಎಂದರು ನೀಲಮ್ಮ.

ಬೀಗರ ಗ್ಲಾಸಿನದೂ ಚರಿಗೆಗೆ ಸೇರಿತು. ಮಾಮಾ ಚರಿಗೆ ಎತ್ತಿದ. ಆ ಸ್ಥಿತಿಯಲ್ಲೂ ಅದನ್ನು ಬಲಗಿವಿಯ ಹತ್ತಿರ ಒಯ್ದು ಅಲ್ಲಾಡಿಸಿದ. ಆಮೇಲೆ ಕಣ್ಣು ಮುಚ್ಚಿ, ಹನುಮಪ್ಪನ ಗುಡಿಯ ದಿಕ್ಕಿಗೆ ಒಮ್ಮೆ ತಲೆಬಾಗಿ, ಕುಡಿಯತೊಡಗಿದ. ಪಂಪಾಪತೆಪ್ಪನವರು ಅವನ ಗಂಟಲು ಏರುವುದನ್ನೂ ಇಳಿಯುವುದನ್ನೂ ನೋಡುತ್ತ ತಾವೂ ಎಂಜಲು ನುಂಗುತ್ತಿದ್ದರು. ಅರ್ಧಕ್ಕೆ ಬಂದಾಗ ಮಾಮಾ ನಿಂತು, ಬಾಯಿ ಚಪ್ಪರಿಸಿ, ಬಹಳ ಹೊತ್ತು ಯೋಚಿಸಿದ.

"ಉಪ್ಪು ಕಡಿಮಿ ಆಗೈತಿ," ಎಂದ. "ಒಂದು ಚಿಟಿಕಿ ಉಪ್ಪು ಬೇಕಿತ್ತು. ಇಪ್ಪತ್ತು ವರ್ಷ ಮಂದಿಗೆ ಹಿಂಗ ಕುಡಿಸೀನಿ ನಾನು. ಒಬ್ಬರೂ ಹೇಳಲಿಲ್ಲಲ್ಲೋ ತಮ್ಮಾ."

ಚರಿಗೆ ಖಾಲಿಯಾದ ಮೇಲೆ ಅದಕ್ಕೆ ನೀರು ಹಾಕಿಸಿ ಆ ನೀರನ್ನೂ ಕುಡಿಸಿದಳು ಆಯಿ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮಾಮಾ ಮೆಲ್ಲಗೆ ಕೂತು ತಾಯಿಯ ಪಾದ ಹಿಡಿದುಕೊಂಡ.

"ಯವ್ವಾ, ತೆಂಗಿನ ಡಿಪಾರ್ಟ್‌ಮೆಂಟ್ ಅಂತ ಯಾವುದೂ ಇರಲಿಲ್ಲ."

"ಗೊತ್ತೈತೋ. ನೀ ಕಳಿಸಿದ ಫೋಟೋದಾಗ ನಿನ್ನ ಬೆನ್ನ ಹಿಂದ ಗ್ವಾಡಿ ತುಂಬ ಬಾಟ್ಲಿ ಇದ್ವು. ತೆಂಗಿನಕಾಯಿ ಒಂದೂ ಇರಲಿಲ್ಲ."

"ಮತ್ತ ಇಷ್ಟು ವರ್ಷ ಯಾಕ ಕೇಳಲಿಲ್ಲ?"

"ನೀ ಭಾಳ ಕಷ್ಟಪಟ್ಟು ಸುಳ್ಳು ಹೇಳತಿದ್ದಿ. ಹೇಳಲಿ ಬಿಡು ಅಂತ ಸುಮ್ಮನಿದ್ದೆ."

ಅನಂತರ ಅವನು ನೀಲಮ್ಮನವರ ಕ್ಷಮೆ ಕೇಳಿದ. ನನ್ನ ಕ್ಷಮೆ ಕೇಳಿದ. ಎದ್ದು ಹೋಗಿ ನೀರಿನ ಟ್ಯಾಂಕಿನ ಕ್ಷಮೆಯನ್ನೂ ಕೇಳಿ, ಅದರ ನೆರಳಿನಲ್ಲೇ ಮಲಗಿ ನಿದ್ದೆಹೋದ. ನೀಲಮ್ಮನವರು ಸೆರಗು ಬಾಯಿಗೆ ಅಡ್ಡ ಹಿಡಿದು ಕೆಳಗಿಳಿದರು. ನಗುತ್ತಿದ್ದರೋ ಸಿಟ್ಟಾಗಿದ್ದರೋ ನನಗೆ ಕಾಣಲಿಲ್ಲ. ಪಡಸಾಲೆಯಲ್ಲಿ ಸುಜಾತಾ ಕಂಬಕ್ಕೆ ಆತು ನಿಂತಿದ್ದಳು. ನೀಲಮ್ಮನವರು ಅವಳನ್ನು ಕರೆದು ಕೂಡಿಸಿ, ತಾವು ತಂದ ಚೀಲದಿಂದ ಅಕ್ಕಿ, ಉತ್ತತ್ತಿ, ಕುಬಸದ ಖಣ ತೆಗೆದು ಉಡಿ ತುಂಬಿದರು. ಸಂಬಂಧ ಕೂಡಿತು. ಹುಡುಗಿಯ ತಂದೆ ಮಾಳಿಗೆಯ ಮೇಲೆ ಗೊರಕೆ ಹೊಡೆಯುತ್ತಿದ್ದ.

ಮದುವೆಯಾಗಿ ಸುಜಾತಾ ಗಿಣಿಗೇರಾಕ್ಕೆ ಹೋದಳು. ಮಾಮಾ ಅಂದಿನಿಂದ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಆ ಕಥೆ ಹೇಳುತ್ತಿದ್ದ. ಅವನ ಕಥೆಯಲ್ಲಿ ಶಿಕ್ಷೆ ಇರುತ್ತಿರಲಿಲ್ಲ, ಟ್ಯಾಂಕು ಇರುತ್ತಿರಲಿಲ್ಲ. ಬೀಗತಿ ಒಂದು ಲೋಟ ಕಾಯಿಹಾಲು ಕುಡಿದರು, ಮನಸೋತರು, ಉಡಿ ತುಂಬಿದರು, ಅಷ್ಟೇ. ಹೋದ ವರ್ಷ ಎದೆನೋವು ಬಂದು ಕೊಪ್ಪಳದ ಆಸ್ಪತ್ರೆಗೆ ಸೇರಿದಾಗ ನಾನು ನೋಡಲು ಹೋಗಿದ್ದೆ. ಸಲಾಯಿನ್ ಹಚ್ಚಲು ಬಂದ ನರ್ಸಿಗೆ ಅದನ್ನೇ ಹೇಳುತ್ತಿದ್ದ. "ಹೆಣ್ಣ ನೋಡಿ ಲಗ್ನ ಆಗ್ಯಾವ, ಹೊಲ ನೋಡಿ ಲಗ್ನ ಆಗ್ಯಾವ. ನನ್ನ ಮಗಳದು ಕಾಯಿಹಾಲಿನ ರುಚಿಗೆ ಆಗೈತ್ರಿ ಸಿಸ್ಟರ್." ನನ್ನ ಕಡೆ ನೋಡಿ, "ಹೌದಲ್ಲೋ?" ಎಂದ. ನಾನು ಹೌದೆಂದೆ. ಮರುದಿನ ಮಾಮಾ ಇರಲಿಲ್ಲ.

ಮಣ್ಣಾದ ಮೇಲೆ ಜನ ಚದುರಿದರು. ನಾನು ಅಂಗಳದ ಕಟ್ಟೆಯ ಮೇಲೆ ಕೂತಿದ್ದೆ. ನೀಲಮ್ಮನವರು ಬಂದು ಸ್ವಲ್ಪ ದೂರದಲ್ಲಿ ಕೂತರು.

"ತಮ್ಮಾ, ಅವತ್ತ ನಾ ಬ್ಯಾಡ ಅಂತ ಹೇಳಾಕ ಬಂದಿದ್ದೆ," ಎಂದರು. "ಬಾರಿನ ಸುದ್ದಿ ನನಗ ಮೊದಲ ಗೊತ್ತಾಗಿತ್ತು. ಉಡಿ ಸಾಮಾನು ತಂದಿದ್ದೆ, ಬರಿಗೈಲೆ ಹೋಗಬಾರದಂತ. ಉಂಡು, ನಡಿಯುವಾಗ ಒಂದು ಮಾತು ಹೇಳಿ ಹೋಗಿಬಿಡೋಣು ಅಂತ ಇದ್ದೆ. ಮ್ಯಾಲ ಬಂದು ನಮ್ಮವ್ರ 'ಅವತಾರ' ನೋಡಿದೆ. ಬೇಡಿ ಮಾಡಿಸ್ಕೊಂಡಾರಂತ ಕಂಡಕೂಡ್ಲೆ ತಿಳೀತು. ಆ ಮನಷ್ಯಾ ತನ್ನ ತಪ್ಪು ಖರೇ ಹೇಳಿದ, ನಮ್ಮವ್ರ ತಪ್ಪು ಮುಚ್ಚಿ ಸುಳ್ಳು ಹೇಳಿದ. ಮಗಳ ಲಗ್ನ ಹೋದ್ರೂ ಹೋಗ್ಲಿ ಅಂತ ಹೇಳಿದ. ಅಂಥವನ ಮನಿ ಹುಡುಗಿನ ಬಿಟ್ಟು ನಾ ಎಲ್ಲಿ ಹುಡುಕ್ಲಿ?"

"ಇದನ್ನ ಮಾಮಾಗ ಹೇಳಿದ್ರ್ಯಾ?"

"ಎಲ್ಲಿದು. ಕಾಯಿಹಾಲಿಂದ ಆತು ಅಂತ ಊರೂರು ಹೇಳ್ಕೊಂಡು ಎಷ್ಟು ಖುಷಿಲೆ ತಿರಗತಿದ್ದ. ಅದನ್ಯಾಕ ಕೆಡಸಲಿ."

ಒಳಗೆ ಪಡಸಾಲೆಯಲ್ಲಿ ಪಂಪಾಪತೆಪ್ಪನವರು ಯಾರಿಗೋ ಗದ್ಗದಿಸುತ್ತ ಹೇಳುತ್ತಿರುವುದು ಕೇಳಿಸಿತು. ಅಂಥ ಕಾಯಿಹಾಲನ್ನು ಈ ಜಿಲ್ಲೆಯಲ್ಲಿ ಇನ್ನು ಯಾರೂ ಮಾಡಲಾರರು, ಅದರ ರುಚಿಯೇ ಬೇರೆ ಎನ್ನುತ್ತಿದ್ದರು.

"ಕುಡದಂಗ ಹೇಳ್ತಾರ ನೋಡು," ಎಂದು ನೀಲಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡರು.